ಹೆಸರಿನ ಒರೆಗಲ್ಲು

ಬಂಗಾರಪೇಟೆಯ ರೈಲ್ವೆ ನಿಲ್ದಾಣದಲ್ಲಿ ಇಳಿದ ಪ್ರಯಾಣಿಕನೊಬ್ಬನು ಆ ಊರಿಗೆ ಆ ಹೆಸರು ಬಂದ ಬಗೆಯನ್ನು ಕೇಳಿದನೆಂದರೆ, ಉತ್ತರ ಹೇಳುವವರು ಹೆಚ್ಚು ಯೋಚಿಸುವುದಿಲ್ಲ. ಮೂಡಣ ದಿಕ್ಕಿಗೆ ಕೈ ತೋರುವರು. ಅಲ್ಲಿ ಕೆಲವೇ ಮೈಲಿಗಳಾಚೆ ಕೋಲಾರದ ಚಿನ್ನದ ಗಣಿಗಳಿವೆ. ನೆಲದೊಳಗೆ ಬಂಗಾರವಿದ್ದಿತು, ಆದಕಾರಣ ನೆಲದ ಮೇಲಣ ಪೇಟೆಯು ಬಂಗಾರಪೇಟೆಯಾಯಿತು. ಈ ಉತ್ತರದಲ್ಲಿ ಕೊರತೆಯೆಂಬುದೇ ಕಾಣಿಸದು. ಶಬ್ದವು ಮನೆಮಂದಿಗೆಲ್ಲ ತಿಳಿದ ಶಬ್ದ. ಅರ್ಥವು ಕಣ್ಣಿಗೆ ಕಾಣುವ ಅರ್ಥ. ಆದರೂ ಈ ಉತ್ತರವು ಸರಿಯಲ್ಲ.

ನಿಜಸಂಗತಿ ಹೀಗಿದೆ. ಮೈಸೂರು ಸಂಸ್ಥಾನವು ಬ್ರಿಟಿಷ್ ಕಮಿಷನರರ ಆಡಳಿತದಲ್ಲಿದ್ದ ಕಾಲದಲ್ಲಿ, ೧೮೬೨ರಿಂದ ೧೮೭೦ರವರೆಗೆ, ಲೆವಿನ್ ಬೆಂಥಾಮ್ ಬೌರಿಂಗ್ ಎಂಬಾತನು ಆ ಅಧಿಕಾರದಲ್ಲಿದ್ದನು. ೧೮೬೪ರಲ್ಲಿ ಜೋಲಾರಪೇಟೆಯಿಂದ ಬೆಂಗಳೂರಿಗೆ ರೈಲು ದಾರಿಯು ತೆರೆಯಿತು. ಆ ದಾರಿಯ ನಿಲ್ದಾಣವನ್ನು ಆಶ್ರಯಿಸಿ ಬೆಳೆದ ಪೇಟೆಗೆ ಕಮಿಷನರನ ಹೆಸರನ್ನೇ ಇಟ್ಟು ಬೌರಿಂಗ್‌ಪೇಟೆ ಎಂದರು. ಸರ್ಕಾರದ ಕಡತಗಳಲ್ಲಿ ಬಹುಕಾಲ ನಡೆದುಬಂದುದು ಈ ಹೆಸರೇ. ಬಿ. ಎಲ್. ರೈಸರು ೧೯೦೫ರಲ್ಲಿ ಪ್ರಕಟಿಸಿದ ಎಪಿಗ್ರಾಫಿಯ ಕರ್ನಾಟಿಕದ ಹತ್ತನೆಯ ಸಂಪುಟವು ಕೋಲಾರ ಜಿಲ್ಲೆಯ ಶಾಸನಗಳ ಸಂಪುಟ. ಅದರಲ್ಲಿ ಈ ತಾಲ್ಲೂಕಿನ ಶಾಸನಗಳೆಲ್ಲವೂ ಬೌರಿಂಗ್‌ಪೇಟೆಯ ಹೆಸರಿನಡಿಯಲ್ಲಿಯೇ ನಿಂತಿವೆ. ಹಳೆಯ ಗ್ರಂಥಗಳನ್ನು ತಿರುವುವ ವಾಚಕರು ಬಂಗಾರಪೇಟೆಯನ್ನು ಹುಡುಕಿ ಕಾಣದೆ ಬೇಸರಪಡುವುದು ಇದರಿಂದಲೇ.

ಇಲ್ಲಿ ಒಂದು ಆಕ್ಷೇಪವನ್ನು ತರಬಹುದು. ಸರ್ಕಾರವು ಬೌರಿಂಗನ ಹೆಸರನ್ನಿಟ್ಟುದು ನಿಜವೇ ಆಗಲಿ. ಅದಕ್ಕೂ ಮೊದಲು ಜನರ ಬಾಯಲ್ಲಿ ಬಂಗಾರದ ಹೆಸರಿದ್ದು, ಅಧಿಕಾರಿಗಳೇ ಅದನ್ನು ತಮ್ಮ ನಾಲಗೆಗೆ ತಕ್ಕಂತೆ ತಿರುಚಿಕೊಂಡಿರಬಾರದೇಕೆ? ಆಕ್ಷೇಪವು ತಳ್ಳಿಹಾಕತಕ್ಕದ್ದಲ್ಲ. ಈ ಸೀಮೆಯಲ್ಲಿ ಚಿನ್ನವುಂಟೆಂಬ ತಿಳಿವಳಿಕೆ ಗಣಿ ಕಂಪನಿಗಳಿಗಿಂತ ಹಳೆಯದು. ಟಿಪ್ಪುವಿನ ಪತನದ ತರುವಾಯ ಮೈಸೂರಿನ ಗಡಿಯನ್ನು ಅಳೆಯಲು ಬಂದ ಲೆಫ್ಟಿನೆಂಟ್ ಜಾನ್ ವಾರನ್ನನು ೧೮೦೨ರಲ್ಲಿಯೇ ಊರಿಗಾಂ, ಮಾರಿಕುಪ್ಪಂ ಹಳ್ಳಿಗಳ ಕಡೆ ಜನರು ಮಣ್ಣನ್ನು ತೊಳೆದು ಚಿನ್ನದ ಕಣಗಳನ್ನು ತೆಗೆಯುವುದನ್ನು ಕಂಡು ಬರೆದಿಟ್ಟನು. ಆದರೆ ಚಿನ್ನವಿದ್ದುದು ಬೇರೆ, ಚಿನ್ನದ ಹೆಸರಿದ್ದುದು ಬೇರೆ. ಚಿನ್ನ ತೊಳೆಯುತ್ತಿದ್ದ ಆ ಹಳ್ಳಿಗಳಾದರೋ ಊರಿಗಾಂ ಎಂದೂ ಮಾರಿಕುಪ್ಪಂ ಎಂದೂ ಕರೆಯಿಸಿಕೊಂಡವು. ಅವುಗಳ ಹೆಸರಿನಲ್ಲಿಯೇ ಬಂಗಾರದ ಸುಳಿವಿಲ್ಲ. ಇನ್ನು ಲವೆಲ್ ಎಂಬ ಸೈನಿಕನು ಗಣಿ ತೋಡುವ ಹಕ್ಕನ್ನು ಪಡೆದುದು ೧೮೭೫ರಲ್ಲಿ. ಜಾನ್ ಟೇಲರ್ ಮತ್ತು ಮಕ್ಕಳ ಕಂಪನಿಯು ಕೆಲಸಕ್ಕೆ ಕೈಹಾಕಿದುದು ೧೮೮೦ರಲ್ಲಿ. ಬೌರಿಂಗನು ಅಧಿಕಾರ ಬಿಟ್ಟು ಹೋದ ಮೇಲೆ ಐದು ವರ್ಷಕ್ಕೆ ಮೊದಲ ಹಕ್ಕು, ಹತ್ತು ವರ್ಷಕ್ಕೆ ದೊಡ್ಡ ಕಂಪನಿ. ಪೇಟೆಯು ಗಣಿಗಿಂತ ಹಿರಿಯದು. ಮಗನನ್ನು ನೋಡಿ ತಂದೆಗೆ ನಾಮಕರಣ ಮಾಡುವುದುಂಟೇ?

ಹಾಗಾದರೆ ಬೌರಿಂಗು ಬಂಗಾರವಾದುದು ಹೇಗೆ? ವಿಶ್ವವಿದ್ಯಾಲಯಗಳಲ್ಲಿ ಭಾಷಾಶಾಸ್ತ್ರವನ್ನು ವ್ಯಾಸಂಗ ಮಾಡುವವರು ಈ ಬಗೆಯ ಮಾರ್ಪಾಟನ್ನು ಜನಪದ ನಿಷ್ಪತ್ತಿಯೆಂದು ಕರೆಯುತ್ತಾರೆ. ಕಿವಿಗೆ ಅಪರಿಚಿತವಾದ ಶಬ್ದವೊಂದು ಬಂದು ಬಿದ್ದಾಗ ನಾಲಗೆಯು ಅದನ್ನು ಹಾಗೆಯೇ ಹೊತ್ತು ನಡೆಯಲೊಲ್ಲದು. ತನ್ನ ಮನೆಯಲ್ಲಿರುವ ಶಬ್ದಗಳಲ್ಲಿ ಅದಕ್ಕೆ ಹತ್ತಿರವಾದುದು ಯಾವುದೆಂದು ಹುಡುಕಿ, ಅಪರಿಚಿತದ ಮೇಲೆ ಪರಿಚಿತದ ಹೊದಿಕೆಯನ್ನು ಹೊದಿಸುತ್ತದೆ. ಬೌರಿಂಗಿನ ಬಕಾರ, ನಡುವಣ ಅನುನಾಸಿಕ, ರೇಫ, ಗಕಾರಗಳೆಲ್ಲ ಬಂಗಾರದಲ್ಲಿಯೂ ಇವೆ. ಅಕ್ಷರಗಳು ಅತ್ತಿತ್ತ ಸರಿದು ಕುಳಿತವು, ಅಷ್ಟೆ.

ಧ್ವನಿಯ ಸಾಮ್ಯವೊಂದೇ ಇದಕ್ಕೆ ಸಾಲದು ಎಂಬುದಕ್ಕೆ ಬೆಂಗಳೂರೇ ಸಾಕ್ಷಿ. ಅಲ್ಲಿ ಅದೇ ಬೌರಿಂಗನ ಹೆಸರಿನ ಆಸ್ಪತ್ರೆಯೊಂದುಂಟು. ತಲೆಮಾರುಗಳಿಂದ ಜನರು ಅಲ್ಲಿ ಔಷಧಕ್ಕಾಗಿ ಸಾಲು ನಿಂತಿದ್ದಾರೆ. ಆದರೆ ಅದನ್ನು ಬಂಗಾರದ ಆಸ್ಪತ್ರೆಯೆಂದವರಿಲ್ಲ. ಅಲ್ಲಿ ಪಕ್ಕದಲ್ಲಿ ಬಂಗಾರವಿರಲಿಲ್ಲ. ಇತ್ತ ಗಣಿಗಳ ನಡುವಿನಲ್ಲಿಯೇ ರಾಬರ್ಟ್‌ಸನ್‌ಪೇಟೆ, ಆಂಡರ್‌ಸನ್‌ಪೇಟೆಗಳಿವೆ. ಸುತ್ತಲೂ ಬಂಗಾರವೋ ಬಂಗಾರ. ಆದರೆ ಆ ಹೆಸರುಗಳು ಬಂಗಾರವಾಗಲಿಲ್ಲ, ಏಕೆಂದರೆ ಅವುಗಳ ಧ್ವನಿಗೆ ಹೊಂದುವ ಹೊದಿಕೆ ಕನ್ನಡದಲ್ಲಿ ಸಿಕ್ಕಲಿಲ್ಲ. ಧ್ವನಿಯ ನೆರೆಯೂ ವಸ್ತುವಿನ ನೆರೆಯೂ ಎರಡೂ ಒಂದೆಡೆ ಕೂಡಿದುದು ಬೌರಿಂಗ್‌ಪೇಟೆಯಲ್ಲಿ ಮಾತ್ರ. ಅನ್ವಯ ವ್ಯತಿರೇಕಗಳೆಂದು ತರ್ಕಶಾಸ್ತ್ರವು ಹೇಳುವ ಪರೀಕ್ಷೆಯು ಇದೇ: ಕಾರಣವಿದ್ದೆಡೆ ಕಾರ್ಯವುಂಟು, ಕಾರಣವಿಲ್ಲದೆಡೆ ಕಾರ್ಯವಿಲ್ಲ. ಹೊಸ ವಿದ್ಯೆಯವರು ಇದನ್ನು ಎಲ್ಲಿಂದಲೋ ತಂದರೆಂದು ನಮ್ಮ ಹಳೆಯ ವಿದ್ವಾಂಸರು ಮುನಿಯಬೇಕಾದ ಕಾರಣವಿಲ್ಲ.

ವಿದ್ವಾಂಸರ ಮಾತು ಬಂದುದರಿಂದ ಅವರ ದೋಷವನ್ನೂ ಇಲ್ಲಿಯೇ ಹೇಳಿಬಿಡುವುದು ಲೇಸು. ಪಾಮರನು ಹೆಸರನ್ನು ತನಗೆ ತಿಳಿದ ಶಬ್ದಕ್ಕೆ ಎಳೆದರೆ, ಪಂಡಿತನು ಅದನ್ನು ಸಂಸ್ಕೃತಕ್ಕೆ ಎಳೆಯುತ್ತಾನೆ. ಎಳೆತದಲ್ಲಿ ಭೇದವಿಲ್ಲ. ಕೋಲಾರವೆಂಬ ಹೆಸರನ್ನೇ ನೋಡಬಹುದು. ಪರಶುರಾಮನು ಕಾರ್ತವೀರ್ಯನನ್ನು ಕೊಂದಾಗ ಇಲ್ಲಿ ಕೋಲಾಹಲವೆದ್ದಿತು, ಆದಕಾರಣ ಇದು ಕೋಲಾಹಲಪುರ, ಅದೇ ಕೋಲಾರವಾಯಿತು ಎಂದು ಸ್ಥಳಪುರಾಣದ ಕಥೆ. ಶಾಸನಗಳು ಬೇರೆ ಮಾತನ್ನು ಹೇಳುತ್ತವೆ. ಗಂಗ ಅರಸರ ಬಿರುದಾವಳಿಯಲ್ಲಿ ಕುವಳಾಲಪುರವರೇಶ್ವರ ಎಂಬುದು ಮತ್ತೆ ಮತ್ತೆ ಬರುತ್ತದೆ. ಕುವಳಾಲವು ಜನರ ಬಾಯಲ್ಲಿ ಕೋಳಾಲವಾಗಿ, ಒಂದರ ಹಿಂದೊಂದು ಬಂದ ಲಕಾರ ಳಕಾರಗಳಲ್ಲಿ ಕೊನೆಯದು ರೇಫಕ್ಕೆ ತಿರುಗಿ ಕೋಲಾರವಾಗಿ ನಿಂತಿತು. ಒಂದೇ ಜಾತಿಯ ಎರಡು ಧ್ವನಿಗಳು ನೆರೆಹೊರೆಯಲ್ಲಿದ್ದರೆ ಒಂದು ಬದಲಾಗುವುದು ಲೋಕದ ಅನೇಕ ಭಾಷೆಗಳಲ್ಲಿ ಕಂಡುಬರುವ ಸಂಗತಿ. ಪುರಾಣದ ಕಥೆಯನ್ನು ಕಥೆಯಾಗಿ ಕೇಳಿ ಆನಂದಿಸುವುದಕ್ಕೆ ಯಾರ ಅಡ್ಡಿಯೂ ಇಲ್ಲ; ಅದನ್ನು ಹೆಸರಿನ ಚರಿತ್ರೆಯೆಂದು ಮುಂದಿಟ್ಟಾಗ ಮಾತ್ರ ಶಾಸನವನ್ನು ಎದುರಿಗಿಡಬೇಕಾಗುತ್ತದೆ.

ಬೂದಿಕೋಟೆಯ ಮಾತೂ ಇದೇ ಬಗೆಯದು. ಹೈದರಾಲಿಯು ಹುಟ್ಟಿದ ಊರೆಂದು ಪ್ರಸಿದ್ಧವಾದ ಈ ಬೂದಿಕೋಟೆಯು ಬಂಗಾರಪೇಟೆಯ ತಾಲ್ಲೂಕಿಗೆ ಸೇರಿದುದು. ಸಂಸ್ಕೃತಜ್ಞರು ಇದನ್ನು ವಿಭೂತಿಪುರವೆಂದರು. ಶಿವಭಕ್ತರಿಗೆ ಈ ಹೆಸರು ಎಷ್ಟು ಪ್ರಿಯವೆಂದು ಹೇಳಬೇಕಾಗಿಲ್ಲ. ಆದರೆ ವಿಭೂತಿಪುರವು ಬೂದಿಕೋಟೆಯ ಅನುವಾದವೇ ಹೊರತು ಅದರ ಮೂಲವಲ್ಲ; ಬೂದಿಯನ್ನು ವಿಭೂತಿಯೆಂದೂ ಕೋಟೆಯನ್ನು ಪುರವೆಂದೂ ಮಾಡಿದುದರಿಂದ ಹೆಸರಿನ ವಯಸ್ಸು ಹೆಚ್ಚಲಿಲ್ಲ. ಪಾಲಾರ್ ನದಿಯನ್ನು ಕ್ಷೀರನದಿಯೆಂದು ಕರೆದುದೂ ಹೀಗೆಯೇ. ಪಾಲ್ ಎಂದರೆ ಹಾಲು, ಆರು ಎಂದರೆ ನದಿ. ಎರಡು ದ್ರಾವಿಡ ಶಬ್ದಗಳನ್ನು ಕೈಗೆ ತೆಗೆದುಕೊಂಡು ಸಂಸ್ಕೃತದ ಪಾತ್ರೆಗೆ ಸುರಿದರು. ವಿನೋದವೇನೆಂದರೆ, ನಾವು ಅಚ್ಚಗನ್ನಡವೆಂದು ಭಾವಿಸುವ ಬಂಗಾರವೆಂಬ ಶಬ್ದವೇ ಸಂಸ್ಕೃತದ ಭೃಂಗಾರದ ತದ್ಭವವೆಂದು ಕಿಟ್ಟೆಲ್ಲರ ನಿಘಂಟು ಗುರುತಿಸುತ್ತದೆ. ಕನ್ನಡ ತಮಿಳುಗಳ ಸ್ವಂತ ಸೊತ್ತಾದ ಶಬ್ದವು ಪೊನ್, ಇಂದಿನ ನಮ್ಮ ಹೊನ್ನು. ಇಂಗ್ಲಿಷರವನೊಬ್ಬನ ಹೆಸರು ಸಂಸ್ಕೃತದ ತದ್ಭವವೊಂದರ ವೇಷವನ್ನು ತೊಟ್ಟು ಕನ್ನಡದ ಊರಾಗಿ ಕುಳಿತಿದೆ.

ಶಬ್ದಗಳ ವ್ಯುತ್ಪತ್ತಿಯನ್ನು ವಿಚಾರಿಸುವುದು ನಮ್ಮ ದೇಶಕ್ಕೆ ಹೊಸದಲ್ಲ. ನಾಮಪದಗಳೆಲ್ಲ ಧಾತುಗಳಿಂದಲೇ ಹುಟ್ಟಿದವೆಂದು ಶಾಕಟಾಯನನು ಹೇಳಿದರೆ, ಎಲ್ಲವೂ ಹಾಗಲ್ಲವೆಂದು ಗಾರ್ಗ್ಯನು ವಾದಿಸಿದನೆಂಬುದನ್ನು ಯಾಸ್ಕನ ನಿರುಕ್ತವು ತಿಳಿಸುತ್ತದೆ. ಕನ್ನಡದಲ್ಲಿ ಹದಿಮೂರನೆಯ ಶತಮಾನದ ಕೇಶಿರಾಜನು ಶಬ್ದಮಣಿದರ್ಪಣದಲ್ಲಿ ತತ್ಸಮ ತದ್ಭವಗಳನ್ನು ಎಷ್ಟು ಸೂಕ್ಷ್ಮವಾಗಿ ವಿಂಗಡಿಸಿದ್ದಾನೆ! ಹಾಗಿರಲು ವಿಶ್ವವಿದ್ಯಾಲಯದ ಸಂಶೋಧನೆಯು ಹೊಸದಾಗಿ ತಂದುದೇನು? ಅದು ತಂದುದು ಮುಖ್ಯವಾಗಿ ಕಾಲದ ಪ್ರಶ್ನೆ. ಈ ರೂಪವು ಯಾವ ವರ್ಷದ ಯಾವ ಬರಹದಲ್ಲಿ ಮೊದಲು ಕಾಣಿಸಿತು? ಅದಕ್ಕೆ ಹಿಂದಿನ ರೂಪವೇನು? ಈ ಧ್ವನಿಯು ಆ ಧ್ವನಿಯಾಯಿತೆಂದು ಹೇಳುವುದಾದರೆ, ಬೇರೆ ಹತ್ತು ಶಬ್ದಗಳಲ್ಲಿಯೂ ಹಾಗಾಗಿದೆಯೆ? ನೆರೆಯ ಭಾಷೆಯಲ್ಲಿ ಅದರ ಜೊತೆಗಾರ ಶಬ್ದವು ಯಾವುದು? ೧೮೧೬ರಲ್ಲಿ ಮದರಾಸಿನ ಎಲ್ಲಿಸನೂ ೧೮೫೬ರಲ್ಲಿ ಕಾಲ್ಡ್‌ವೆಲ್ಲನೂ ದಕ್ಷಿಣದ ಭಾಷೆಗಳು ಒಂದೇ ಮನೆತನದವೆಂದು ತೋರಿಸಿದರು. ೧೯೬೧ರಲ್ಲಿ ಬರೋ ಮತ್ತು ಎಮಿನೊ ಎಂಬ ವಿದ್ವಾಂಸರು ದ್ರಾವಿಡ ಭಾಷೆಗಳ ಜ್ಞಾತಿಪದಗಳನ್ನೆಲ್ಲ ಒಂದೇ ನಿಘಂಟಿನಲ್ಲಿ ಸೇರಿಸಿದ ಮೇಲೆ, ಒಂದು ಶಬ್ದಕ್ಕೆ ಬಾಯಿಗೆ ಬಂದಂತೆ ಅರ್ಥ ಹೇಳುವುದು ಕಷ್ಟವಾಯಿತು. ಕಷ್ಟವಾದುದು ಒಳ್ಳೆಯದೇ.

ಬಂಗಾರಪೇಟೆಯ ಸುತ್ತಣ ಸೀಮೆಯಲ್ಲಿ ಈ ಶಾಸ್ತ್ರವನ್ನು ಅಭ್ಯಾಸ ಮಾಡುವವನಿಗೆ ಪಾಠಗಳು ಹೆಜ್ಜೆಹೆಜ್ಜೆಗೂ ಸಿಕ್ಕುತ್ತವೆ. ಕಡಲಿಗೂ ಈ ನೆಲಕ್ಕೂ ಎಲ್ಲಿಯ ಸಂಬಂಧ? ಆದರೂ ಇಲ್ಲಿ ಕಾಮಸಮುದ್ರವುಂಟು. ಊರ ಹೆಸರಿನಲ್ಲಿ ಸಮುದ್ರವೆಂದರೆ ದೊಡ್ಡ ಕೆರೆ. ಕೆರೆ ಕಟ್ಟಿಸಿದವನು ತನ್ನ ಪುಣ್ಯಕಾರ್ಯಕ್ಕೆ ಇಟ್ಟ ದೊಡ್ಡ ಹೆಸರು ಅದು. ಅದೇ ಸಮುದ್ರವು ಬಾಯಿಂದ ಬಾಯಿಗೆ ಸವೆದು ಸಂದ್ರವಾಯಿತು. ಬೊಮ್ಮಸಂದ್ರ, ಸಿಂಗಸಂದ್ರ ಮೊದಲಾದವೆಲ್ಲ ಹೀಗೆ ಆದವು. ಬೇತಮಂಗಲದ ಕಥೆ ಇನ್ನೂ ಸ್ವಾರಸ್ಯವುಳ್ಳದ್ದು. ಶಾಸನಗಳಲ್ಲಿ ಅದು ವಿಜಯಾದಿತ್ಯಮಂಗಲ; ಬಾಣರ ಅರಸನೊಬ್ಬನ ಹೆಸರಿನಿಂದಾದುದು. ಮಂಗಲವೆಂಬುದು ಬ್ರಾಹ್ಮಣರಿಗೆ ದಾನವಾಗಿ ಕೊಟ್ಟ ಊರುಗಳ ಹೆಸರಿನ ಕೊನೆಯಲ್ಲಿ ಬರುವ ಶಬ್ದ. ಅರಸನ ಹೆಸರು ತೇಯುತ್ತ ತೇಯುತ್ತ ಗುರುತು ಸಿಕ್ಕದಷ್ಟಾಯಿತು. ಮಂಗಲವೊಂದು ಹಾಗೆಯೇ ಉಳಿಯಿತು. ಗಣಿಯ ಕೆಲಸಗಾರರು ಕುಡಿದುದು ಪಾಲಾರ್ ನದಿಗೆ ಕಟ್ಟಿದ ಬೇತಮಂಗಲದ ಕೆರೆಯ ನೀರನ್ನೇ. ಆ ನೀರಿನ ಹೆಸರಿನಲ್ಲಿ ಬಾಣ ಅರಸನೊಬ್ಬನು ಅಡಗಿದ್ದನೆಂದು ಅವರಲ್ಲಿ ಎಷ್ಟು ಮಂದಿಗೆ ತಿಳಿದಿದ್ದೀತು?

ಇನ್ನು ಹಳ್ಳಿ ಪಲ್ಲಿಗಳ ಪ್ರಶ್ನೆ. ಹಳಗನ್ನಡದ ಪಕಾರವು ನಡುಗನ್ನಡದಲ್ಲಿ ಹಕಾರವಾಯಿತು: ಪಾಲ್ ಹಾಲಾಯಿತು, ಪೂ ಹೂವಾಯಿತು, ಪಳ್ಳಿ ಹಳ್ಳಿಯಾಯಿತು. ತೆಲುಗಿನಲ್ಲಿ ಪಕಾರವು ಪಕಾರವಾಗಿಯೇ ಉಳಿದು ಪಲ್ಲಿಯೆನಿಸಿತು. ಕೋಲಾರದ ಸೀಮೆಯಲ್ಲಿ ಹಳ್ಳಿಯೆಂದು ಮುಗಿಯುವ ಊರಿಗೂ ಪಲ್ಲಿಯೆಂದು ಮುಗಿಯುವ ಊರಿಗೂ ಅರ್ಧ ಹರದಾರಿಯ ಅಂತರವಿದ್ದರೆ ಹೆಚ್ಚು. ಪಲ್ಲಿಯನ್ನು ಕಂಡೊಡನೆ ಇದು ತೆಲುಗರ ಊರು ಎನ್ನುವಂತಿಲ್ಲ. ಹಳ್ಳಿಯನ್ನು ಕಂಡೊಡನೆ ಇದು ಆದಿಯಿಂದಲೂ ಕನ್ನಡಿಗರದು ಎನ್ನುವಂತೆಯೂ ಇಲ್ಲ. ಬರೆದುಕೊಂಡ ಶಾನುಭೋಗನ ಭಾಷೆ ಯಾವುದು, ರೈಲ್ವೆಯವರ ಫಲಕದ ಭಾಷೆ ಯಾವುದು ಎಂಬುದನ್ನೂ ಕೇಳಬೇಕು. ಕಾಮಸಮುದ್ರದ ನಿಲ್ದಾಣಕ್ಕೆ ರೈಲ್ವೆಯವರು ಕೊನೆಯಲ್ಲೊಂದು ಮಕಾರವನ್ನು ಅಂಟಿಸಿ ಕಾಮಸಮುದ್ರಂ ಎಂದಿರುವುದನ್ನು ನೋಡಿದವರಿಗೆ ಈ ಎಚ್ಚರಿಕೆಯ ಅರ್ಥವಾದೀತು. ಎಲ್ಲಕ್ಕಿಂತ ತೊಡಕಿನದು ಚಿನ್ನವೆಂಬ ಶಬ್ದ. ಕನ್ನಡದಲ್ಲಿ ಚಿನ್ನವೆಂದರೆ ಹೊನ್ನು. ತೆಲುಗು ತಮಿಳುಗಳಲ್ಲಿ ಅದೇ ಶಬ್ದಕ್ಕೆ ಚಿಕ್ಕದು ಎಂದರ್ಥ. ಚಿನ್ನವೆಂದು ಮೊದಲಾಗುವ ಹೆಸರೊಂದು ಈ ಗಣಿಸೀಮೆಯಲ್ಲಿ ಸಿಕ್ಕಿತೆಂದರೆ ಕನ್ನಡಿಗನ ಕಣ್ಣು ಅರಳುತ್ತದೆ, ತೆಲುಗನು ನಗುತ್ತಾನೆ. ಪಕ್ಕದಲ್ಲಿ ದೊಡ್ಡ ಎಂಬರ್ಥದ ಪೆದ್ದವೆಂದು ಮೊದಲಾಗುವ ಜೊತೆಯೂರು ಇದೆಯೇ ಎಂದು ನೋಡಿ ಬಂದ ಮೇಲೆಯೇ ತೀರ್ಪು ಹೇಳತಕ್ಕದ್ದು.

ಈ ಸೀಮೆಗೆ ತಮಿಳು ಬಂದುದು ಗಣಿಯ ಕೂಲಿಯೊಡನೆ ಎಂಬ ಮಾತು ಬಹಳ ಕಡೆ ಕೇಳಿಬರುತ್ತದೆ. ಇದು ಅರ್ಧ ಸತ್ಯ. ಆರ್ಕಾಟು ಮೊದಲಾದ ಜಿಲ್ಲೆಗಳಿಂದ ಗಣಿ ಕೆಲಸಕ್ಕೆ ಬಂದ ಸಂಸಾರಗಳಿಂದ ಗಣಿಪ್ರದೇಶದ ಲೈನುಗಳಲ್ಲಿ ತಮಿಳು ಮನೆಮಾತಾಯಿತೆಂಬುದು ನಿಜ. ಆದರೆ ಕೋಲಾರದಲ್ಲಿ ಕೋಲಾರಮ್ಮನ ಗುಡಿಯ ಗೋಡೆಗಳ ಮೇಲೆ ಹನ್ನೊಂದನೆಯ ಶತಮಾನದ ಚೋಳರ ತಮಿಳು ಶಾಸನಗಳಿವೆ. ಚೋಳರು ಈ ನಾಡಿಗೆ ನಿಗರಿಲಿಚೋಳಮಂಡಲವೆಂಬ ಭಾರಿ ಹೆಸರನ್ನೂ ಇಟ್ಟಿದ್ದರು. ಆ ಹೆಸರು ಅರಸರೊಡನೆ ಹೋಯಿತು. ಅವರು ಬರುವ ಮೊದಲೇ ಇದ್ದ ಕುವಳಾಲವು ಸವೆದಾದರೂ ಉಳಿಯಿತು. ಅರಸನು ಇಟ್ಟ ಹೆಸರು ನಿಲ್ಲಬೇಕಾದರೆ ಜನರ ನಾಲಗೆಯ ಒಪ್ಪಿಗೆ ಬೇಕು. ಬೌರಿಂಗನ ಹೆಸರಿಗೆ ಆ ಒಪ್ಪಿಗೆ ದೊರೆತುದು ಅದು ಬಂಗಾರದ ವೇಷ ಹಾಕಿದ ಮೇಲೆ.

ಹಲವು ಭಾಷೆಗಳು ಒಂದೇ ಬೀದಿಯಲ್ಲಿ ತಲೆಮಾರುಗಟ್ಟಲೆ ಬಾಳಿದರೆ ಅವುಗಳ ಗತಿಯೇನಾಗುತ್ತದೆಂಬುದಕ್ಕೆ ಲೋಕಪ್ರಸಿದ್ಧವಾದ ನಿದರ್ಶನವೊಂದು ಕನ್ನಡಿಗರದೇ. ಮಹಾರಾಷ್ಟ್ರದ ಸಾಂಗಲಿ ಜಿಲ್ಲೆಯ ಕುಪವಾಡವೆಂಬ ಹಳ್ಳಿಯಲ್ಲಿ ಜೈನರೂ ಲಿಂಗಾಯತರೂ ಕನ್ನಡವನ್ನು, ಮುಸಲ್ಮಾನರು ಉರ್ದುವನ್ನು, ಮಿಕ್ಕ ಕೆಲವರು ಮರಾಠಿಯನ್ನು ಮನೆಮಾತಾಗಿ ಇಟ್ಟುಕೊಂಡಿದ್ದರು. ಗಂಪರ್ಜ್ ಮತ್ತು ವಿಲ್ಸನ್ ಎಂಬ ಇಬ್ಬರು ವಿದ್ವಾಂಸರು ಆ ಹಳ್ಳಿಯ ಮಾತುಗಳನ್ನು ಅಭ್ಯಾಸ ಮಾಡಿ ೧೯೭೧ರಲ್ಲಿ ತಮ್ಮ ಲೇಖನವನ್ನು ಪ್ರಕಟಿಸಿದರು. ಅವರು ಕಂಡುದು ಇದು: ಮೂರು ಭಾಷೆಗಳೂ ತಮ್ಮ ತಮ್ಮ ಶಬ್ದಗಳನ್ನು ಬಿಟ್ಟಿರಲಿಲ್ಲ; ಆದರೆ ವಾಕ್ಯದ ಕಟ್ಟು ಮೂರರಲ್ಲಿಯೂ ಒಂದೇ ಆಗಿಬಿಟ್ಟಿತ್ತು. ಒಂದು ಭಾಷೆಯ ವಾಕ್ಯವನ್ನು ಪದಕ್ಕೆ ಪದವಾಗಿ ಇನ್ನೊಂದಕ್ಕೆ ತಿರುಗಿಸಿದರೆ ಸಾಕು, ಅದು ಆ ಹಳ್ಳಿಯ ಶುದ್ಧವಾದ ಮಾತೇ. ಹೊಲದಲ್ಲಿ ಸಂತೆಯಲ್ಲಿ ಕಲೆತು ನಡೆಯಬೇಕಾದ ಕಾರಣ ವ್ಯಾಕರಣವು ಒಂದಾಯಿತು. ಮನೆಯೊಳಗೆ ತಾವು ಇಂಥವರೆಂಬ ಗುರುತು ಬೇಕಾದ ಕಾರಣ ಶಬ್ದಗಳು ಬೇರೆಯಾಗಿ ಉಳಿದವು. ತಮಿಳು, ತೆಲುಗು, ಕನ್ನಡ, ಉರ್ದುಗಳು ಒಂದೇ ಅಂಗಡಿಯ ಮುಂದೆ ನಿಲ್ಲುವ ಬಂಗಾರಪೇಟೆ ರಾಬರ್ಟ್‌ಸನ್‌ಪೇಟೆಗಳಲ್ಲಿ ಇಂಥ ಅಭ್ಯಾಸಕ್ಕೆ ಎಷ್ಟು ಅವಕಾಶವುಂಟೆಂಬುದನ್ನು ಕಿವಿಯುಳ್ಳವರು ಬಲ್ಲರು.

ಊರುಗಳ ಹೆಸರಿನ ಈ ಚರ್ಚೆಯು ಭಕ್ತರ ಮನೆಯ ಜಗಲಿಯವರೆಗೂ ಬರುತ್ತದೆ. ಏಕೆಂದರೆ ಬೌರಿಂಗನ ಹೆಸರಿಗೆ ಆದುದೇ ವಚನಗಳ ಓಲೆಗರಿಗಳಲ್ಲಿಯೂ ಆಗಿದೆ. ಶರಣರು ಹನ್ನೆರಡನೆಯ ಶತಮಾನದವರು. ನಮಗೆ ಉಳಿದುಬಂದಿರುವ ಕಟ್ಟುಗಳು ಬಹುಮಟ್ಟಿಗೆ ಹದಿನೈದನೆಯ ಶತಮಾನದಿಂದ ಈಚಿನವು. ನಡುವೆ ಮುನ್ನೂರು ವರ್ಷಗಳಲ್ಲಿ ಎಷ್ಟು ಕೈಗಳು ಪ್ರತಿ ಮಾಡಿದವೋ! ಪ್ರತಿಕಾರನು ಭಕ್ತನೇ; ವಂಚಕನಲ್ಲ. ಆದರೆ ತನಗೆ ತಿಳಿಯದ ಹಳೆಯ ಶಬ್ದವೊಂದು ಎದುರಾದಾಗ ಅವನ ಕಂಠವು ತಿಳಿದ ಶಬ್ದದ ಕಡೆಗೇ ಜಾರುತ್ತದೆ. ಹೊಸ ಶಬ್ದದಿಂದಲೂ ಅರ್ಥ ಹೊಂದುತ್ತದೆ, ಕೆಲವೊಮ್ಮೆ ಮೊದಲಿನದಕ್ಕಿಂತ ಇನಿದಾಗಿಯೂ ಇರುತ್ತದೆ. ಮುಂದೆ ಓದುವವನಿಗೆ ಸಂಶಯವೇ ಬಾರದು. ಬಂಗಾರಪೇಟೆಯೆಂಬ ಹೆಸರಿನಲ್ಲಿ ಸಂಶಯ ಬಾರದಂತೆಯೇ. ಆದಕಾರಣವೇ ಎರಡು ಪ್ರತಿಗಳಲ್ಲಿ ಎರಡು ಪಾಠಗಳಿದ್ದು, ಒಂದು ಸುಲಭವೂ ಒಂದು ಕ್ಲಿಷ್ಟವೂ ಆಗಿದ್ದರೆ, ಕ್ಲಿಷ್ಟವಾದುದೇ ಮೊದಲಿನದಾಗಿರುವ ಸಂಭವ ಹೆಚ್ಚೆಂದು ಗ್ರಂಥಸಂಪಾದನ ಶಾಸ್ತ್ರವು ಹೇಳುತ್ತದೆ. ಕ್ಲಿಷ್ಟವನ್ನು ಸುಲಭ ಮಾಡುವವರು ಬಹುಮಂದಿ. ಸುಲಭವನ್ನು ಬೇಕೆಂದೇ ಕ್ಲಿಷ್ಟ ಮಾಡುವ ಪ್ರತಿಕಾರನು ಅಪರೂಪ. ಮೈಸೂರು ವಿಶ್ವವಿದ್ಯಾಲಯದ ಡಿ. ಎಲ್. ನರಸಿಂಹಾಚಾರ್ಯರು ಈ ಶಾಸ್ತ್ರವನ್ನು ಕುರಿತು ಕನ್ನಡ ಗ್ರಂಥಸಂಪಾದನೆ ಎಂಬ ಪುಸ್ತಕವನ್ನೇ ೧೯೬೪ರಲ್ಲಿ ಕೊಟ್ಟರು.

ವಚನಗಳನ್ನು ಮೊದಲು ಕೂಡಿಹಾಕಿದವರು ವಿಶ್ವವಿದ್ಯಾಲಯದವರಲ್ಲವೆಂಬುದನ್ನು ಮರೆಯಲಾಗದು. ಫ. ಗು. ಹಳಕಟ್ಟಿಯವರು ವಿಜಾಪುರದಲ್ಲಿ ವಕೀಲರಾಗಿದ್ದವರು; ಮನೆಮನೆಗೆ ತಿರುಗಿ ಓಲೆಗರಿಗಳನ್ನು ಸಂಗ್ರಹಿಸಿ ೧೯೨೩ರಲ್ಲಿ ವಚನಶಾಸ್ತ್ರಸಾರದ ಮೊದಲ ಭಾಗವನ್ನು ಹೊರತಂದರು. ಅವರು ಕೂಡಿಸಿದ ರಾಶಿಯನ್ನು ತೂರಿ ಕೇರುವ ಕೆಲಸ ಮುಂದೆ ವಿಶ್ವವಿದ್ಯಾಲಯಗಳ ಪಾಲಿಗೆ ಬಂದಿತು. ಆ ಕೆಲಸದಲ್ಲಿ ಆಯುಷ್ಯವನ್ನೇ ಸವೆಸಿದವರಲ್ಲೊಬ್ಬರು ಇದೇ ಕೋಲಾರದ ಕಡೆಯವರೆಂಬುದನ್ನು ಈ ಸೀಮೆಯ ಜನ ಅಭಿಮಾನದಿಂದ ನೆನೆಯಬೇಕು. ಎಲ್. ಬಸವರಾಜು ಅವರು ೧೯೧೯ರಲ್ಲಿ ಗೌರಿಬಿದನೂರು ತಾಲ್ಲೂಕಿನ ಇಡಗೂರಿನಲ್ಲಿ ಹುಟ್ಟಿದರು. ಆಗ ಅದು ಕೋಲಾರ ಜಿಲ್ಲೆಗೆ ಸೇರಿದ್ದಿತು. ೨೦೦೭ರಿಂದ ಚಿಕ್ಕಬಳ್ಳಾಪುರ ಜಿಲ್ಲೆಯಲ್ಲಿದೆ. ಮೈಸೂರು ವಿಶ್ವವಿದ್ಯಾಲಯದಲ್ಲಿ ಅಧ್ಯಾಪಕರಾಗಿದ್ದ ಅವರ ಅಲ್ಲಮನ ವಚನಚಂದ್ರಿಕೆ ೧೯೬೦ರಲ್ಲಿಯೂ ಶಿವದಾಸಗೀತಾಂಜಲಿ ೧೯೬೩ರಲ್ಲಿಯೂ ಬೆಳಕು ಕಂಡವು. ೨೦೦೯ರಲ್ಲಿ ಚಿತ್ರದುರ್ಗದ ಸಾಹಿತ್ಯ ಸಮ್ಮೇಳನಕ್ಕೆ ಅವರೇ ಅಧ್ಯಕ್ಷರಾಗಿದ್ದರು, ೨೦೧೨ರಲ್ಲಿ ಲಿಂಗೈ‌ಕ್ಯರಾದರು.

ಬಾಯಿಪಾಠವಾಗಿ ಬಂದ ವಚನದಲ್ಲಿ ಒಂದು ಪದವನ್ನು ತಿದ್ದಿದರೆ ಭಕ್ತಿಗೆ ಊನವಾಗದೆ? ಇದು ಅನೇಕ ಸದ್ಭಕ್ತರು ಕೇಳುವ ಪ್ರಶ್ನೆ. ಅವರ ನೋವನ್ನು ಲಘುವಾಗಿ ಎಣಿಸಬಾರದು. ತಾತನಿಂದ ಕೇಳಿ ಕಲಿತ ಪಾಠವನ್ನು ಮೈಸೂರಿನ ಒಬ್ಬ ಅಧ್ಯಾಪಕನು ತಪ್ಪೆಂದರೆ ಮನಸ್ಸು ಮುರಿಯುತ್ತದೆ. ಆದರೆ ಶರಣನು ನುಡಿದುದು ಬೇಕೋ, ನುಡಿದನೆಂದು ನಡುವಿನವನೊಬ್ಬನು ಬರೆದುದು ಬೇಕೋ? ಮೊದಲನೆಯದೇ ಬೇಕೆನ್ನುವವನು ಪಾಠಾಂತರವನ್ನು ಕಂಡು ಹೆದರುವುದಿಲ್ಲ. ಹಾಗೆಂದು ಸಂಶೋಧಕರೆಲ್ಲರೂ ನಿರ್ದೋಷಿಗಳೆಂದೂ ಇಲ್ಲ. ಹಳೆಯ ಪಾಠವನ್ನು ಒಡೆಯುವುದರಲ್ಲಿಯೇ ಪಾಂಡಿತ್ಯವುಂಟೆಂದು ಬಗೆಯುವವರೂ, ಒಂದೇ ಪ್ರತಿಯನ್ನು ಹಿಡಿದು ಹಾರಾಡುವವರೂ ಉಂಟು. ಅಂಥವರು ಬೌರಿಂಗನನ್ನು ಬಂಗಾರ ಮಾಡಿದ ಜನರಿಗಿಂತ ಹೆಚ್ಚು ತಿಳಿದವರೇನಲ್ಲ. ಜನರಿಗೆ ಚಿನ್ನದ ಮೋಹ, ಇವರಿಗೆ ಹೊಸತರ ಮೋಹ.

ಈಗ ಮರಳಿ ಗಣಿಯ ನೆಲಕ್ಕೆ ಬರುವುದಾದರೆ, ಅಲ್ಲಿ ಕಾಲವು ಅವಸರದಲ್ಲಿದೆ. ೨೦೦೧ರ ಫೆಬ್ರವರಿ ೨೮ರಂದು ಕೋಲಾರದ ಚಿನ್ನದ ಗಣಿಗಳು ಮುಚ್ಚಿದವು. ಮೂರು ಸಾವಿರ ಮೀಟರಿಗೂ ಮಿಕ್ಕ ಆಳಕ್ಕೆ ಇಳಿಯುತ್ತಿದ್ದ ಚಾಂಪಿಯನ್ ರೀಫಿನ ಹಾದಿಗಳಲ್ಲಿ ನೀರು ನಿಂತಿತು. ಜನರು ನಸುಕಿನಲ್ಲಿಯೇ ರೈಲು ಹತ್ತಿ ಬಂಗಾರಪೇಟೆಯ ಮೇಲೆ ಬೆಂಗಳೂರಿಗೆ ಕೆಲಸಕ್ಕೆ ಹೋಗಿ ಕತ್ತಲಾದ ಮೇಲೆ ಹಿಂದಿರುಗುವವರಾದರು. ಗಣಿಯೊಳಗಣ ಒಂದೊಂದು ದಾರಿಗೂ, ಒಂದೊಂದು ಹತಾರಕ್ಕೂ, ಅಪಾಯದ ಒಂದೊಂದು ಸದ್ದಿಗೂ ಕೆಲಸಗಾರರು ಇಟ್ಟುಕೊಂಡಿದ್ದ ಹೆಸರುಗಳಿದ್ದವು. ಇಂಗ್ಲಿಷಿನ ಶಬ್ದಕ್ಕೆ ತಮಿಳಿನ ಪ್ರತ್ಯಯ, ತೆಲುಗಿನ ಶಬ್ದಕ್ಕೆ ಕನ್ನಡದ ಕ್ರಿಯಾಪದ. ಅವು ಯಾವ ಶಾಸನದಲ್ಲಿಯೂ ಇಲ್ಲ, ಓಲೆಯಲ್ಲಿಯೂ ಇಲ್ಲ. ಗಣಿಯಿಳಿದು ಬಂದ ಮುದುಕರ ನಾಲಗೆಯ ಮೇಲೆ ಮಾತ್ರ ಇವೆ. ಕುವಳಾಲವು ಕಲ್ಲಿನಲ್ಲಿತ್ತು, ಸಾವಿರ ವರ್ಷ ಕಾದಿತು, ಇವು ಕಾಯುವುದಿಲ್ಲ.

ವಿಶ್ವವಿದ್ಯಾಲಯವು ಈಗ ದೂರವೂ ಇಲ್ಲ. ೨೦೧೭ರಲ್ಲಿ ಬೆಂಗಳೂರು ವಿಶ್ವವಿದ್ಯಾಲಯದಿಂದ ಬೇರ್ಪಟ್ಟ ಬೆಂಗಳೂರು ಉತ್ತರ ವಿಶ್ವವಿದ್ಯಾಲಯದ ನೆಲೆಯು ಕೋಲಾರದ ಟಮಕದಲ್ಲಿದೆ. ಮೈಸೂರಿನಲ್ಲಿ ೧೯೬೯ರಿಂದ ಭಾರತೀಯ ಭಾಷೆಗಳ ಕೇಂದ್ರೀಯ ಸಂಸ್ಥೆಯಿದೆ. ವಿದ್ಯಾರ್ಥಿಯು ಲೇಖನಿ ಹಿಡಿದು ಬಂದಾಗ ಅವನಿಗೆ ಬಾಗಿಲು ತೆರೆಯಬೇಕಾದವರು ಗೃಹಸ್ಥರು. ಅವನು ಬರುವವರೆಗೆ ಸುಮ್ಮನಿರಬೇಕೆಂದೂ ಇಲ್ಲ. ಮನೆಯ ಹಿರಿಯರನ್ನು ಕೂರಿಸಿಕೊಂಡು ತಮ್ಮ ಊರಿನ ಕೆರೆ, ತೂಬು, ಗುಡ್ಡ, ಹೊಲ, ಬಾವಿಗಳ ಹೆಸರುಗಳನ್ನು ಒಂದು ಪುಸ್ತಕದಲ್ಲಿ ಬರೆದಿಡಬಹುದು. ಹಳೆಯ ಕ್ರಯಪತ್ರ, ಭಾಗಪತ್ರಗಳಲ್ಲಿ ಹೊಲಗಳ ಚಕ್ಕುಬಂದಿಯನ್ನು ಬರೆಯುವಾಗ ಮರೆತುಹೋದ ಹೆಸರುಗಳು ಬಂದಿರುತ್ತವೆ. ಅವನ್ನು ಹರಿದು ಹಾಕಬಾರದು. ಓಲೆಗರಿಯ ಕಟ್ಟುಗಳಿದ್ದರೆ ಪೂಜೆಯ ಗೂಡಿನಲ್ಲಿ ಕುಂಕುಮವೇರಿಸಿ ಗೆದ್ದಲಿಗೆ ಒಪ್ಪಿಸುವುದರ ಬದಲು ಬಲ್ಲವರಿಗೆ ಒಮ್ಮೆ ತೋರಿಸಬೇಕು. ಬರೆಯುವಾಗ ಒಂದು ನಿಯಮವನ್ನು ಮಾತ್ರ ಬಿಡಕೂಡದು: ಹಿರಿಯರ ಬಾಯಲ್ಲಿ ಹೇಗೆ ಬಂದಿತೋ ಹಾಗೆಯೇ ಬರೆಯುವುದು. ಮುದುಕಿಯು ಸಂದ್ರವೆಂದರೆ ಸಂದ್ರವೆಂದೇ ಬರೆಯಬೇಕು, ಸಮುದ್ರವೆಂದು ತಿದ್ದಬಾರದು. ಅವಳು ಹೇಳಿದ ಹೆಸರಿಗೆ ಅರ್ಥವೇ ಇಲ್ಲವೆಂದು ಕಂಡರಂತೂ ಎರಡು ಸಲ ಕೇಳಿ, ಅಕ್ಷರ ತಪ್ಪದಂತೆ ಬರೆದುಕೊಳ್ಳಬೇಕು.